ಪ್ರಕಾಶಕರ ಸಂಘದಿಂದ ಲೇಖಕರೂ ಓದುಗರೂ ಏನನ್ನು ನಿರೀಕ್ಷಿಸಬಹುದು?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಸಾಗರ

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ನಮ್ಮ ಸೀಮೆಯ ಅಡುಗೆ, ಹಿತ್ತಲಿನ ಸೊಪ್ಪುಗಳು ಮತ್ತು ಮಳೆಗಾಲಕ್ಕೆಂದು ಕೂಡಿಡುವ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಕುರಿತು ಒಂದು ಪುಸ್ತಕ ಬರೆದು ಮುಗಿಸಿದ್ದೇನೆ. ಡಿಟಿಪಿ, ಅಂದರೆ ಗಣಕದಲ್ಲಿ ಪುಟಗಳ ಜೋಡಣೆ ಆಗಿದೆ, ಕರಡು ತಿದ್ದುವ ಕೆಲಸವೂ ಮುಗಿದಿದೆ. ಡೆಮಿ ಅಳತೆಯಲ್ಲಿ ಸುಮಾರು ಇನ್ನೂರು ಪುಟಗಳಾಗುತ್ತವೆ. ಕೆಲವು ಅಧ್ಯಾಯಗಳ ಆರಂಭದಲ್ಲಿ ದ.ರಾ. ಬೇಂದ್ರೆ ಮತ್ತು ಎಂ. ಗೋವಿಂದ ಪೈ ಅವರ ಕವಿತೆಗಳಿಂದ ಎರಡೆರಡು ಸಾಲು ಹಾಕಿಕೊಂಡಿದ್ದೇನೆ.

ಮುಂದೇನು ಮಾಡಬೇಕೆಂದು ಯಾರನ್ನು ಕೇಳಿದರೂ "ಪ್ರಕಾಶಕರ ಸಂಘಕ್ಕೆ ಬರೆಯಿರಿ" ಎನ್ನುತ್ತಾರೆ. ಸಂಘವೇ ಹಸ್ತಪ್ರತಿ ಓದಿ ತಕ್ಕ ಪ್ರಕಾಶಕರಿಗೆ ಕಳಿಸುತ್ತದೆ ಎಂದು ಒಬ್ಬರು, ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ಸಂಘವೇ ಹಣ ಪಡೆದು ಕೊಡುತ್ತದೆ ಎಂದು ಇನ್ನೊಬ್ಬರು, ಕೃತಿಸ್ವಾಮ್ಯದ (ಕಾಪಿರೈಟ್) ನೋಂದಣಿಯೂ ಅಲ್ಲೇ ಎಂದು ಮತ್ತೊಬ್ಬರು ಹೇಳಿದ್ದಾರೆ. ಇವುಗಳಲ್ಲಿ ಯಾವುದು ನಿಜ? ಕವಿಗಳ ಸಾಲುಗಳನ್ನು ಬಳಸಲು ಅನುಮತಿ ಕೊಡುವುದೂ ಸಂಘವೇ?

ಇದರ ಜೊತೆಗೆ ಇನ್ನೊಂದು ವಿಷಯವಿದೆ. ನನ್ನ ಅಣ್ಣನ ಮಗನ ಕಥಾಸಂಕಲನವನ್ನು ಹೊರತರುವುದಾಗಿ ಒಂದು ಪ್ರಕಾಶನದವರು ಅವನಿಂದಲೇ ಹಣ ಪಡೆದರು. ಮಾತಾಡಿದಷ್ಟು ಪ್ರತಿಗಳನ್ನೂ ಕೊಡಲಿಲ್ಲ, ಮಾರಾಟದ ಲೆಕ್ಕವನ್ನೂ ಕೊಡಲಿಲ್ಲ. ಇಂಥವರ ಮೇಲೆ ಸಂಘಕ್ಕೆ ದೂರು ಕೊಟ್ಟರೆ ಕ್ರಮ ಕೈಗೊಳ್ಳುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಪ್ರಕಾಶನ ಸಂಸ್ಥೆಯೊಂದರ ಹಿಂದಿನ ಸಂಪಾದಕರು, ಬೆಂಗಳೂರು

ಮೇಡಂ, ನಮಸ್ಕಾರ. ಪ್ರಕಾಶನ ಸಂಸ್ಥೆಯ ಸಂಪಾದಕೀಯ ವಿಭಾಗದಲ್ಲಿದ್ದಷ್ಟು ಕಾಲವೂ ಇವೇ ಪ್ರಶ್ನೆಗಳಿಗೆ ಫೋನಿನಲ್ಲಿ ಉತ್ತರ ಕೊಡುತ್ತಿದ್ದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಪ್ರಕಾಶಕರ ಸಂಘವು ಪುಸ್ತಕ ಪ್ರಕಟಿಸುವ ಸಂಸ್ಥೆಯಲ್ಲ, ಸರ್ಕಾರದ ಕಚೇರಿಯೂ ಅಲ್ಲ. ಪುಸ್ತಕ ಪ್ರಕಟಿಸಿ ಮಾರುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು, ಒಬ್ಬೊಬ್ಬರೇ ಹೋಗಿ ಕೇಳಿದರೆ ಆಗದ ಕೆಲಸಗಳನ್ನು ಒಟ್ಟಾಗಿ ಕೇಳುವುದಕ್ಕಾಗಿ ಕಟ್ಟಿಕೊಂಡ ಸಂಘಟನೆ ಅದು. ನಮ್ಮ ರಾಜ್ಯದಲ್ಲಿ ಕರ್ನಾಟಕ ಪ್ರಕಾಶಕರ ಸಂಘವಿದೆ. ರಾಷ್ಟ್ರಮಟ್ಟದಲ್ಲಿ ದೆಹಲಿಯ ಫೆಡರೇಶನ್ ಆಫ್ ಇಂಡಿಯನ್ ಪಬ್ಲಿಷರ್ಸ್ ಇದೆ. ಅದು 1896ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ಈಗ ಜಿನೀವಾದಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಂತರರಾಷ್ಟ್ರೀಯ ಪ್ರಕಾಶಕರ ಸಂಘಟನೆಯ ಸದಸ್ಯ. ಇವುಗಳಲ್ಲಿ ಯಾವುದೂ ಲೇಖಕರ ಹಸ್ತಪ್ರತಿಯನ್ನು ಓದಿ ಆರಿಸುವುದಿಲ್ಲ. ಸಂಘದ ವಿಳಾಸಕ್ಕೆ ಹಸ್ತಪ್ರತಿ ಕಳಿಸಿದರೆ ಅದು ಕಪಾಟಿನಲ್ಲಿ ಉಳಿಯುತ್ತದೆ, ಅಷ್ಟೇ. ಸಂಘದಿಂದ ನಿಮಗಾಗುವ ಸಹಾಯವೆಂದರೆ ಸದಸ್ಯ ಪ್ರಕಾಶಕರ ಹೆಸರು, ವಿಳಾಸ. ಅದರಲ್ಲಿ ಅಡುಗೆ, ಜಾನಪದ, ಸ್ಥಳೀಯ ಸಂಸ್ಕೃತಿಯ ಪುಸ್ತಕಗಳನ್ನು ತರುವವರು ಯಾರೆಂದು ನೀವೇ ಅಂಗಡಿಯಲ್ಲಿ ಅವರ ಪುಸ್ತಕಗಳನ್ನು ತಿರುವಿ ನೋಡಿ ತೀರ್ಮಾನಿಸಿ, ಒಂದು ಮಾದರಿ ಅಧ್ಯಾಯ, ಪರಿವಿಡಿ ಮತ್ತು ಒಂದು ಪುಟದ ಪರಿಚಯವನ್ನು ಕಳಿಸಬೇಕು.

ಗೊಂದಲಕ್ಕೆ ಕಾರಣ, ಪುಸ್ತಕಕ್ಕೆ ಸಂಬಂಧಿಸಿದ ಹಲವು ಸಂಸ್ಥೆಗಳು ಜನರ ಮನಸ್ಸಿನಲ್ಲಿ ಒಂದೇ ಆಗಿಬಿಟ್ಟಿರುವುದು. ಕನ್ನಡ ಪುಸ್ತಕ ಪ್ರಾಧಿಕಾರವು ರಾಜ್ಯ ಸರ್ಕಾರದ ಸಂಸ್ಥೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ, ಅಂದವಾದ ಮುದ್ರಣ, ವಿನ್ಯಾಸಕ್ಕೆ ಕೊಡುವ ಪುಸ್ತಕ ಸೊಗಸು ಬಹುಮಾನ ಮುಂತಾದವು ಅಲ್ಲಿಯವು. ನಿಮ್ಮ ಅಣ್ಣನ ಮಗ ಮುಂದಿನ ಸಲ ಹಣ ಕೊಟ್ಟು ಪ್ರಕಟಿಸುವ ಮೊದಲು ಅಂಥ ಯೋಜನೆಗಳ ಪ್ರಕಟಣೆಯನ್ನು ಗಮನಿಸಬೇಕು. ನ್ಯಾಷನಲ್ ಬುಕ್ ಟ್ರಸ್ಟ್ 1957ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಸಾಹಿತ್ಯಾಸಕ್ತರ ಸಂಸ್ಥೆ. ಇವು ಮೂರೂ ಪುಸ್ತಕ ಪ್ರಕಟಿಸುತ್ತವೆ, ಮೂರೂ ಪ್ರಕಾಶಕರ ಸಂಘಗಳಲ್ಲ.

ಐಎಸ್‌ಬಿಎನ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಜನ ಸುಮ್ಮನೆ ಹಣ ಕಳೆದುಕೊಳ್ಳುತ್ತಾರೆ. ಭಾರತದಲ್ಲಿ ಈ ಸಂಖ್ಯೆ ಕೊಡುವ ಅಧಿಕಾರವಿರುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ, ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಗೆ. ಅರ್ಜಿಯನ್ನು ಅದರ ಜಾಲತಾಣದಲ್ಲೇ ಸಲ್ಲಿಸಬೇಕು. ಅದಕ್ಕೆ ಶುಲ್ಕವಿಲ್ಲ. ಪ್ರಕಾಶನ ಸಂಸ್ಥೆಗಳಷ್ಟೇ ಅಲ್ಲ, ತಮ್ಮ ಪುಸ್ತಕವನ್ನು ತಾವೇ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು. ಮನೆಯಲ್ಲಿರುವ ಯಾವುದಾದರೂ ಹೊಸ ಪುಸ್ತಕದ ಹಿಂಬದಿಯ ರಕ್ಷಾಪುಟ ನೋಡಿ: ಪಟ್ಟಿಯಾಕಾರದ ಸಂಕೇತದ ಮೇಲೆ 13 ಅಂಕಿಗಳಿರುತ್ತವೆ. ಮೊದಲ 978 ಪುಸ್ತಕವೆಂಬುದನ್ನು ಸೂಚಿಸುತ್ತದೆ. ನಂತರದ 81 ಅಥವಾ 93 ಭಾರತದ ಗುರುತು. ಅದರ ಮುಂದಿನ ಗುಂಪು ಪ್ರಕಾಶಕರದ್ದು, ಅದರ ಮುಂದಿನದು ಆ ಪುಸ್ತಕದ್ದು, ಕೊನೆಯ ಒಂದು ಅಂಕಿ ಉಳಿದ ಹನ್ನೆರಡೂ ಸರಿಯಾಗಿವೆಯೇ ಎಂದು ಲೆಕ್ಕ ಹಾಕಿ ತಾಳೆ ನೋಡುವುದಕ್ಕೆ. 2007ಕ್ಕೆ ಮುಂಚಿನ ಪುಸ್ತಕಗಳಲ್ಲಿ 10 ಅಂಕಿಗಳೇ ಇರುತ್ತಿದ್ದವು. ಇದು ಪುಸ್ತಕವನ್ನು ಗುರುತಿಸುವ ಸಂಖ್ಯೆಯೇ ಹೊರತು ಕೃತಿಯ ಗುಣಕ್ಕೆ ಸರ್ಕಾರ ಕೊಟ್ಟ ಮಾನ್ಯತೆಯಲ್ಲ, ಕೃತಿಸ್ವಾಮ್ಯದ ದಾಖಲೆಯೂ ಅಲ್ಲ. ಸಾದಾ ರಟ್ಟು, ಗಟ್ಟಿ ರಟ್ಟು, ಇ-ಪುಸ್ತಕ ಇವಕ್ಕೆಲ್ಲ ಬೇರೆ ಬೇರೆ ಸಂಖ್ಯೆ ಬೇಕು. ಏನೂ ಬದಲಿಸದೆ ಮರುಮುದ್ರಣ ಮಾಡಿದರೆ ಹಳೆಯ ಸಂಖ್ಯೆಯೇ ಸಾಕು, ಪರಿಷ್ಕೃತ ಆವೃತ್ತಿಗೆ ಹೊಸದು ಬೇಕು.

ಹಾಗಾದರೆ ಸಂಘ ಮಾಡುವುದೇನು ಎಂಬ ಪ್ರಶ್ನೆ ಉಳಿಯುತ್ತದೆ. ಬಹಳ ಮಾಡುತ್ತದೆ, ಅಥವಾ ಮಾಡಬೇಕು. ಕೋಲ್ಕತ್ತ ಪುಸ್ತಕ ಮೇಳವನ್ನು 1976ರಿಂದ ನಡೆಸಿಕೊಂಡು ಬಂದಿರುವುದು ಅಲ್ಲಿಯ ಪ್ರಕಾಶಕರು ಮತ್ತು ಮಾರಾಟಗಾರರ ಗಿಲ್ಡ್. ಚೆನ್ನೈನ ಮೇಳವನ್ನು ನಡೆಸುವುದು ದಕ್ಷಿಣ ಭಾರತದ ಪುಸ್ತಕ ಮಾರಾಟಗಾರರು ಮತ್ತು ಪ್ರಕಾಶಕರ ಸಂಘವಾದ ಬಪಾಸಿ. ಜರ್ಮನಿಯಲ್ಲಿ 1825ರಲ್ಲೇ ಲೈಪ್‌ಜಿಗ್‌ನಲ್ಲಿ ಪುಸ್ತಕ ವ್ಯಾಪಾರಿಗಳು ಕಟ್ಟಿದ ಸಂಘವೇ ಇಂದಿನ ಫ್ರಾಂಕ್‌ಫರ್ಟ್ ಪುಸ್ತಕ ಮೇಳದ ಹಿಂದಿದೆ. ಭಾರತವು 1986ರಲ್ಲಿ ಮತ್ತು 2006ರಲ್ಲಿ ಆ ಮೇಳದ ಗೌರವ ಅತಿಥಿ ದೇಶವಾಗಿತ್ತು. ಒಂದು ಊರಿನ ಜನ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಕೂಡಿ ಪುಸ್ತಕ ಕೊಳ್ಳಲು ಹೊರಡುವಂತೆ ಮಾಡುವುದು ಸಣ್ಣ ಸಾಧನೆಯಲ್ಲ, ಅದನ್ನು ಒಬ್ಬ ಪ್ರಕಾಶಕ ಮಾಡಲಾರ.

ಮೇಳಗಳಿಗಿಂತ ಕಣ್ಣಿಗೆ ಕಡಿಮೆ ಬೀಳುವ ಕೆಲಸ ಇನ್ನೊಂದಿದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇದು ಓದುಗರಿಗೆ ಒಳ್ಳೆಯ ಸುದ್ದಿ. ಆದರೆ ಪುಸ್ತಕಕ್ಕೆ ತೆರಿಗೆ ಇಲ್ಲದ ಕಾರಣಕ್ಕೇ ಕಾಗದದ ಮೇಲೆ ಪ್ರಕಾಶಕರು ಕೊಟ್ಟ ತೆರಿಗೆಯನ್ನು ಹಿಂಪಡೆಯಲು ಬರುವುದಿಲ್ಲ. ಅದು ಬೆಲೆಯೊಳಗೆ ಸೇರಿಬಿಡುತ್ತದೆ. ಇದನ್ನು ಹಣಕಾಸು ಸಚಿವಾಲಯಕ್ಕೆ ಮತ್ತೆ ಮತ್ತೆ ಹೇಳಬೇಕಾದವರು ಸಂಘದವರು. 2025ರ ಜನವರಿಯಲ್ಲಿ ಫೆಡರೇಶನ್ ಆಫ್ ಇಂಡಿಯನ್ ಪಬ್ಲಿಷರ್ಸ್ ದೆಹಲಿ ಹೈಕೋರ್ಟಿನಲ್ಲಿ, ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ರೂಪಿಸಿದ ಓಪನ್‌ಎಐ ಕಂಪನಿಯ ವಿರುದ್ಧ ಸುದ್ದಿಸಂಸ್ಥೆ ಎಎನ್‌ಐ ಹೂಡಿದ್ದ ಮೊಕದ್ದಮೆಯಲ್ಲಿ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಅರ್ಜಿ ಸಲ್ಲಿಸಿತು. ಅನುಮತಿಯಿಲ್ಲದೆ ಪುಸ್ತಕಗಳನ್ನು ಇಂಥ ತಂತ್ರಾಂಶಗಳ ತರಬೇತಿಗೆ ಬಳಸಿಕೊಳ್ಳಬಾರದು ಎಂಬುದು ಅದರ ವಾದ. ಇಂಥ ಮೊಕದ್ದಮೆಯನ್ನು ಧಾರವಾಡದ ಅಥವಾ ಮೈಸೂರಿನ ಒಬ್ಬ ಪ್ರಕಾಶಕ ದೆಹಲಿಯವರೆಗೆ ಹೋಗಿ ನಡೆಸುವುದು ಅಸಾಧ್ಯ. ಆದರೆ ಅದರ ಫಲ ನಿಮ್ಮ ಅಡುಗೆ ಪುಸ್ತಕದವರೆಗೂ ಬರುತ್ತದೆ.

ಉತ್ತರ 2: ವಕೀಲರು, ಧಾರವಾಡ

ಮಾನ್ಯರೇ, ಮೇಲಿನವರು ಉದ್ಯಮದ ಕಡೆಯಿಂದ ಹೇಳಿದ್ದಾರೆ. ಕಾನೂನಿನ ಭಾಗವನ್ನು ನಾನು ಪೂರೈಸುತ್ತೇನೆ.

ಕೃತಿಸ್ವಾಮ್ಯವು ನೋಂದಣಿಯಿಂದ ಹುಟ್ಟುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕೃತಿಯನ್ನು ನೀವು ಬರೆದಾಗಲೇ ಅದು ನಿಮ್ಮದಾಗಿದೆ. ಮುಂದೆ ವಿವಾದವಾದರೆ ಸಾಕ್ಷ್ಯವಾಗಲೆಂದು ನೋಂದಾಯಿಸಿಕೊಳ್ಳಬಹುದು. ಅದು ದೆಹಲಿಯ ಕೃತಿಸ್ವಾಮ್ಯ ಕಚೇರಿಯ ಕೆಲಸ, ಸಂಘದ್ದಲ್ಲ. ಸಾಹಿತ್ಯ ಕೃತಿಯೊಂದಕ್ಕೆ ಶುಲ್ಕ 500 ರೂಪಾಯಿ. ಅರ್ಜಿ ಕೊಟ್ಟ ಮೇಲೆ ಬೇರೆಯವರಿಂದ ಆಕ್ಷೇಪಣೆ ಬರುವುದೇ ಎಂದು 30 ದಿನ ಕಾಯುತ್ತಾರೆ. ನಿಮ್ಮ ಪುಸ್ತಕದ ವಿಷಯದಲ್ಲಿ ಒಂದು ಮಾತು: ಅಪ್ಪೆಹುಳಿ ಮಾಡುವ ಕ್ರಮಕ್ಕೆ ಯಾರೂ ಒಡೆಯರಲ್ಲ. ನೀವು ಅದನ್ನು ಬರೆದ ಬಗೆ, ಜೋಡಿಸಿದ ಕ್ರಮ, ಜೊತೆಗೆ ಬರೆದ ನೆನಪುಗಳು, ತೆಗೆದ ಚಿತ್ರಗಳು ನಿಮ್ಮವು. ಪುಸ್ತಕದ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟು ಚಲನಚಿತ್ರವೊಂದರ ಶೀರ್ಷಿಕೆಯ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಕವಿಗಳ ಸಾಲುಗಳ ಬಗ್ಗೆ ಕೇಳಿದ್ದೀರಿ. ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷಗಳ ತನಕ ಕೃತಿಸ್ವಾಮ್ಯ ಉಳಿಯುತ್ತದೆ. ಗೋವಿಂದ ಪೈ ಅವರು 1963ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು, ಅನುಮತಿ ಬೇಡ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕೃತಿಗಳ ಸ್ವಾಮ್ಯ 2041ರ ಕೊನೆಯವರೆಗೂ ಇದೆ. ವಿಮರ್ಶೆಗಾಗಿ ಸಾಲುಗಳನ್ನು ಉದ್ಧರಿಸಲು ಕಾಯಿದೆಯ 52ನೆಯ ಕಲಮು ಅವಕಾಶ ಕೊಡುತ್ತದೆ, ಆದರೆ ಅಧ್ಯಾಯದ ತಲೆಯ ಮೇಲೆ ಅಲಂಕಾರಕ್ಕಾಗಿ ಹಾಕಿದ ಸಾಲು ಆ ರಕ್ಷಣೆಯೊಳಗೆ ಬರುತ್ತದೆಂದು ಧೈರ್ಯವಾಗಿ ಹೇಳಲಾಗದು. ಆದ್ದರಿಂದ ಹಕ್ಕುದಾರರಿಗೆ ಪತ್ರ ಬರೆಯಿರಿ. ಯಾವ ಕವಿತೆ, ಯಾವ ಸಾಲು, ನಿಮ್ಮ ಪುಸ್ತಕದ ಹೆಸರು, ಎಷ್ಟು ಪ್ರತಿ, ಎಂಬ ನಾಲ್ಕು ವಿವರಗಳಿದ್ದರೆ ಸಾಕು. ಎರಡು ಸಾಲಿಗೆ ಸಾಮಾನ್ಯವಾಗಿ ಯಾರೂ ಇಲ್ಲವೆನ್ನುವುದಿಲ್ಲ. ಸಂಘವು ಈ ಅನುಮತಿ ಕೊಡಲಾರದು, ಏಕೆಂದರೆ ಹಕ್ಕು ಅದರ ಬಳಿ ಇಲ್ಲ; ಹಕ್ಕುದಾರರು ಯಾರೆಂದು ತಿಳಿಯದಿದ್ದಾಗ ಆ ಕವಿಯ ಪುಸ್ತಕಗಳ ಪ್ರಕಾಶಕರ ವಿಳಾಸ ಕೊಡಬಹುದು.

ಇನ್ನು ನಿಮ್ಮ ಅಣ್ಣನ ಮಗನ ವಿಷಯ. ಸಂಘ ನ್ಯಾಯಾಲಯವಲ್ಲ. ಆ ಪ್ರಕಾಶನದವರು ಸದಸ್ಯರಾಗಿದ್ದರೆ ಕರೆಸಿ ಮಾತನಾಡಬಹುದು, ರಾಜಿ ಮಾಡಿಸಬಹುದು, ತನ್ನ ನಿಯಮಾವಳಿಯಲ್ಲಿ ಅವಕಾಶವಿದ್ದರೆ ಸದಸ್ಯತ್ವದಿಂದ ತೆಗೆಯಬಹುದು. ಅವರು ಸದಸ್ಯರಲ್ಲದಿದ್ದರೆ ಅಷ್ಟೂ ಸಾಧ್ಯವಿಲ್ಲ. ಹಣ ವಸೂಲು ಮಾಡಿಕೊಡುವ ಅಧಿಕಾರ ಯಾವ ಸಂಘಕ್ಕೂ ಇಲ್ಲ. ಹಾಗಿದ್ದರೂ ಸಂಘಕ್ಕೆ ಒಂದು ಪತ್ರ ಬರೆಯುವುದು ವ್ಯರ್ಥವಲ್ಲ. ವೃತ್ತಿಯ ಒಳಗೆ ಹೆಸರು ಕೆಡುವ ಭಯಕ್ಕೆ ಲೆಕ್ಕ ಚುಕ್ತಾ ಮಾಡಿದವರನ್ನು ನಾನು ನೋಡಿದ್ದೇನೆ. ಅದರ ಜೊತೆಗೆ ಅವನು ಹಣ ಕಳಿಸಿದ ಬ್ಯಾಂಕ್ ದಾಖಲೆ, ವಾಟ್ಸಾಪ್ ಸಂದೇಶಗಳು, ಕೈಗೆ ಬಂದ ಪ್ರತಿಗಳ ಸಂಖ್ಯೆ ಇವನ್ನೆಲ್ಲ ಒಟ್ಟುಗೂಡಿಸಿ ವಕೀಲರ ಮೂಲಕ ನೋಟಿಸ್ ಕೊಡಿಸಲಿ. ಹಣ ಪಡೆದು ಮುದ್ರಿಸಿಕೊಡುವ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಸೇವಾ ನ್ಯೂನತೆಯ ದೂರು ನಿಲ್ಲುವುದೇ ಎಂಬುದನ್ನೂ ಪರಿಶೀಲಿಸಬಹುದು.

ಅವನ ಒಪ್ಪಂದ ಪತ್ರವನ್ನು ಒಮ್ಮೆ ತೆರೆದು ನೋಡಿ. ನಮ್ಮಲ್ಲಿ ಬಳಕೆಯಲ್ಲಿರುವ ಅನೇಕ ಪತ್ರಗಳಲ್ಲಿ "ಈ ಕೃತಿಯ ಸಕಲ ಹಕ್ಕುಗಳನ್ನೂ ಪ್ರಕಾಶಕರಿಗೆ ವಹಿಸಿಕೊಟ್ಟಿದ್ದೇನೆ" ಎಂಬ ಒಂದು ವಾಕ್ಯ, ಕೆಳಗೆ ಸಹಿ, ಇಷ್ಟೇ ಇರುತ್ತದೆ. ಎಷ್ಟು ವರ್ಷ, ಯಾವ ಪ್ರದೇಶ ಎಂಬುದಿಲ್ಲ. ಕಾಯಿದೆಯ 19ನೆಯ ಕಲಮು ಇಂಥ ಸಂದರ್ಭದಲ್ಲಿ ಲೇಖಕರ ಪರವಾಗಿದೆ. ಅವಧಿ ಹೇಳದಿದ್ದರೆ ಹಕ್ಕು ವಹಿಸಿದ್ದು ಐದು ವರ್ಷಕ್ಕೆ ಮಾತ್ರವೆಂದು, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದು ಭಾವಿಸಬೇಕು. ಬೇರೆ ಷರತ್ತಿಲ್ಲದಿದ್ದರೆ, ಪಡೆದ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸದಿದ್ದಾಗ ಅದು ತಾನಾಗಿ ಬಿದ್ದುಹೋಗುತ್ತದೆ. ಬರವಣಿಗೆಯಲ್ಲಿ, ಸಹಿಯೊಂದಿಗೆ ಇಲ್ಲದ ವಹಿವಾಟಿನಿಂದ ಹಕ್ಕು ವರ್ಗಾವಣೆಯೇ ಆಗುವುದಿಲ್ಲ. ಅಂದರೆ ಬಾಯಿಮಾತಿನಲ್ಲಿ ನಡೆದಿದ್ದರೆ ಆ ಕಥೆಗಳು ಇಂದಿಗೂ ಅವನವೇ. ಲೇಖಕರು ಇದನ್ನು ತಿಳಿಯದೆ, ಹಕ್ಕು ಹೋಯಿತೆಂದು ತಿಳಿದು ಹತ್ತಾರು ವರ್ಷ ತಮ್ಮ ಪುಸ್ತಕದ ಮರುಮುದ್ರಣಕ್ಕೆ ಕೈಹಾಕದೆ ಕೂತಿರುವುದು ನನಗೆ ಬಹಳ ನೋವಿನ ಸಂಗತಿ.

ನಿಮ್ಮ ಒಪ್ಪಂದದಲ್ಲಿ ಗೌರವಧನದ ಪ್ರಮಾಣ, ಲೆಕ್ಕ ಕೊಡುವ ತಿಂಗಳು, ಲೇಖಕರಿಗೆ ಸಲ್ಲುವ ಪ್ರತಿಗಳು, ಅನುವಾದ ಮತ್ತು ಧ್ವನಿಪುಸ್ತಕದ ಹಕ್ಕು ಯಾರದೆಂಬುದು ಸ್ಪಷ್ಟವಾಗಿರಲಿ. ಸಂಘಗಳು ಒಂದು ಮಾದರಿ ಒಪ್ಪಂದವನ್ನು ಕನ್ನಡದಲ್ಲೇ ಸಿದ್ಧಪಡಿಸಿ ಸದಸ್ಯರೆಲ್ಲ ಅದನ್ನು ಬಳಸುವಂತೆ ಮಾಡಿದರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ ಎಂದು ನನಗೆ ಅನಿಸುತ್ತದೆ.

ಮರುಪ್ರಶ್ನೆ: ನಿವೃತ್ತ ಶಿಕ್ಷಕಿ, ಸಾಗರ

ಇಬ್ಬರಿಗೂ ಅನಂತ ಧನ್ಯವಾದಗಳು. ಅಣ್ಣನ ಮಗನ ಬಳಿ ಇರುವುದು ಒಂದೇ ವಾಕ್ಯದ ಪತ್ರ, ಅದರಲ್ಲಿ ಅವಧಿಯಿಲ್ಲ. ಅವನಿಗೆ ಈ ಉತ್ತರವನ್ನು ಕಳಿಸಿದ್ದೇನೆ. ನಾನು ನನ್ನ ಪುಸ್ತಕವನ್ನು ಸ್ವತಃ ಪ್ರಕಟಿಸುವ ಯೋಚನೆಗೆ ಬಂದಿದ್ದೇನೆ. ಸಂಘದ ಸದಸ್ಯತ್ವವಿಲ್ಲದೆ ಪುಸ್ತಕ ಪ್ರಕಟಿಸಲು ಕಾನೂನಿನ ಅಡ್ಡಿಯಿದೆಯೇ? ಸದಸ್ಯರಲ್ಲದವರ ಪುಸ್ತಕವನ್ನು ಗ್ರಂಥಾಲಯದವರು ಕೊಳ್ಳುವುದಿಲ್ಲವೆಂಬುದು ನಿಜವೇ? ಬೆಲೆಯನ್ನು ಸಂಘ ನಿಗದಿಪಡಿಸುತ್ತದೆಯೇ?

ಉತ್ತರ 3: ಗ್ರಂಥಪಾಲಕರು, ಮೈಸೂರು

ಮೇಡಂ, ಭಾರತದಲ್ಲಿ ಪುಸ್ತಕ ಪ್ರಕಟಿಸಲು ಪರವಾನಗಿ ಬೇಡ, ಸಂಘದ ಸದಸ್ಯತ್ವವೂ ಬೇಡ. ಮೊದಲು 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆಯೊಂದಿತ್ತು. ಅದರ ಜಾಗಕ್ಕೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿರುವ ಹೊಸ ಕಾಯಿದೆ ನಿಯತಕಾಲಿಕೆಗಳಿಗೆ ಸಂಬಂಧಿಸಿದ್ದು, ಪುಸ್ತಕಗಳಿಗಲ್ಲ. ಹಾಗಿದ್ದರೂ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಪ್ರಕಾಶಕರ ಮತ್ತು ಮುದ್ರಕರ ಹೆಸರು, ಊರು, ಮುದ್ರಣದ ವರ್ಷ, ಪುಟಗಳ ಸಂಖ್ಯೆ, ಬೆಲೆ, ಬಳಸಿದ ಕಾಗದ ಇವನ್ನು ಹಾಕುವ ಕನ್ನಡದ ಪದ್ಧತಿಯನ್ನು ಬಿಡಬೇಡಿ. ಪುಸ್ತಕಗಳ ವಿವರ ದಾಖಲಿಸಿ ಸೂಚೀಕರಣ ಮಾಡುವ ನಮ್ಮಂಥವರಿಗೆ ಆ ಒಂದು ಪುಟವೇ ಆಧಾರ. ವರ್ಷ ಹಾಕದ ಪುಸ್ತಕಗಳು ಬಂದಾಗ ಮುನ್ನುಡಿಯ ಕೆಳಗಿನ ದಿನಾಂಕ ಹುಡುಕುತ್ತ ಕೂರಬೇಕಾಗುತ್ತದೆ.

ಕಡ್ಡಾಯವಾಗಿ ಮಾಡಬೇಕಾದ ಕೆಲಸವೊಂದಿದೆ. 1954ರ ಪುಸ್ತಕ ಮತ್ತು ವೃತ್ತಪತ್ರಿಕೆಗಳ ಒಪ್ಪಿಸುವಿಕೆ ಕಾಯಿದೆಯ ಪ್ರಕಾರ, ಪುಸ್ತಕ ಪ್ರಕಟವಾದ 30 ದಿನಗಳೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನೆಮರ ಗ್ರಂಥಾಲಯಕ್ಕೆ, ಮುಂಬಯಿಯ ಕೇಂದ್ರ ಗ್ರಂಥಾಲಯಕ್ಕೆ ಮತ್ತು ದೆಹಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಕಳಿಸಬೇಕು. ಸ್ವತಃ ಪ್ರಕಟಿಸಿದರೆ ನೀವೇ ಪ್ರಕಾಶಕರು. ಇದನ್ನು ಪಾಲಿಸುವವರು ಕಡಿಮೆ. ತಪ್ಪಿದರೆ ದಂಡ 50 ರೂಪಾಯಿವರೆಗೆ ಮತ್ತು ಪುಸ್ತಕದ ಬೆಲೆ ಮಾತ್ರ ಆಗಿರುವುದರಿಂದ ಯಾರಿಗೂ ಅಂಜಿಕೆಯಿಲ್ಲ. ದಂಡದ ಮಾತು ಬಿಡೋಣ. ನಿಮ್ಮ ಸೀಮೆಯ ಸೊಪ್ಪುಗಳ ಹೆಸರನ್ನು ನೂರು ವರ್ಷದ ನಂತರ ಒಬ್ಬರು ಹುಡುಕಿದರೆ ಸಿಗಬೇಕಾದ ಜಾಗ ಈ ಗ್ರಂಥಾಲಯಗಳೇ. ನೂರಾರು ಕನ್ನಡ ಪುಸ್ತಕಗಳು ಮೊದಲ ಮುದ್ರಣದ ನಂತರ ಎಲ್ಲೂ ಒಂದು ಪ್ರತಿ ಉಳಿಯದೆ ಹೋಗಿವೆ. ಪ್ರಕಾಶಕರ ಸಂಘಗಳು ತಮ್ಮ ಸದಸ್ಯರಿಗೆ ಈ ಹೊಣೆಯನ್ನು ಬಲವಾಗಿ ನೆನಪಿಸಬೇಕೆಂದು ನನ್ನ ಕಳಕಳಿಯ ಕೋರಿಕೆ.

ಗ್ರಂಥಾಲಯ ಖರೀದಿಗೆ ಸದಸ್ಯತ್ವ ಬೇಕಿಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಸಗಟು ಖರೀದಿಗೆ ಆಯಾ ವರ್ಷ ಮೊದಲ ಸಲ ಪ್ರಕಟವಾದ ಪುಸ್ತಕಗಳನ್ನು ಆಹ್ವಾನಿಸುತ್ತದೆ, ಆಯ್ಕೆ ಸಮಿತಿಯು ಪಟ್ಟಿ ಮಾಡುತ್ತದೆ. ಲೇಖಕರು ತಾವೇ ಪ್ರಕಾಶಕರಾಗಿದ್ದರೂ ಅರ್ಜಿ ಹಾಕಬಹುದು. ಅದಕ್ಕೇ ಮುದ್ರಣದ ವರ್ಷ ಸರಿಯಾಗಿರಬೇಕು ಎಂದೆ: ಡಿಸೆಂಬರಿನಲ್ಲಿ ಅಚ್ಚಾಗಿ ಜನವರಿಯಲ್ಲಿ ಬಿಡುಗಡೆಯಾಗುವ ಪುಸ್ತಕಕ್ಕೆ ಯಾವ ವರ್ಷ ಹಾಕುತ್ತೀರಿ ಎಂಬುದರ ಮೇಲೆ ಅರ್ಜಿಯ ಗತಿ ನಿಂತಿರುತ್ತದೆ. ಆದರೆ ಈ ಖರೀದಿಯನ್ನೇ ನಂಬಿ ಸಾಲ ಮಾಡಿ ಮುದ್ರಿಸಬೇಡಿ. ಬೆಲೆಯನ್ನು ಪುಟದ ಲೆಕ್ಕದಲ್ಲಿ ಇಲಾಖೆ ನಿಗದಿಪಡಿಸುತ್ತದೆ, ಹಣ ಕೈಸೇರುವುದು ತಡವಾಗುತ್ತದೆ.

ಸಂಘದ ದನಿ ಬೇಕಾಗಿರುವುದು ಇಲ್ಲಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವೆಲ್ಲ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ಕಟ್ಟುತ್ತೇವೆ. ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿದ ಆ ಹಣ ಪೂರ್ತಿಯಾಗಿ, ಸಕಾಲದಲ್ಲಿ ಗ್ರಂಥಾಲಯಗಳಿಗೆ ತಲುಪಿದರೆ ಹೊಸ ಪುಸ್ತಕ ಕೊಳ್ಳಲು ಹಣವಿರುತ್ತದೆ. ತಲುಪದಿದ್ದರೆ ಪ್ರಕಾಶಕರಿಗೂ ಓದುಗರಿಗೂ ಒಟ್ಟಿಗೇ ನಷ್ಟ. ಪುಟದ ದರ ಪರಿಷ್ಕರಿಸಬೇಕು, ಬಾಕಿ ಕೊಡಬೇಕು, ಖರೀದಿ ಪ್ರತಿ ವರ್ಷ ತಪ್ಪದೆ ನಡೆಯಬೇಕು ಎಂದು ಪ್ರಕಾಶಕರ ಸಂಘಗಳು ಕೇಳುವಾಗ ಅದು ವ್ಯಾಪಾರಿಗಳ ಬೇಡಿಕೆ ಎಂದು ನಾವು ಸುಮ್ಮನಿರಬಾರದು. ತಾಲ್ಲೂಕು ಗ್ರಂಥಾಲಯದ ಕಪಾಟಿನಲ್ಲಿ ಹೊಸ ಪುಸ್ತಕ ಕಾಣಬೇಕೆನ್ನುವ ಓದುಗರೂ ಜೊತೆಗೆ ನಿಲ್ಲಬೇಕು.

ಉತ್ತರ 4: ಸಣ್ಣ ಪ್ರಕಾಶಕರು, ಹುಬ್ಬಳ್ಳಿ

ಉಳಿದಿರುವುದು ಬೆಲೆಯ ಪ್ರಶ್ನೆ. ಬೆಲೆ ನಿಗದಿಪಡಿಸುವುದು ಪ್ರಕಾಶಕರು, ಅಂದರೆ ನೀವು. ಸಂಘವು ಸದಸ್ಯರೆಲ್ಲ ಇಂತಿಷ್ಟೇ ಬೆಲೆ ಇಡಬೇಕು, ಇಷ್ಟೇ ರಿಯಾಯಿತಿ ಕೊಡಬೇಕು ಎಂದು ಕಟ್ಟು ಹಾಕಿದರೆ ಅದು 2002ರ ಸ್ಪರ್ಧಾ ಕಾಯಿದೆಯ 3ನೆಯ ಕಲಮಿಗೆ ವಿರುದ್ಧವಾಗುವ ಅಪಾಯವಿದೆ. ಬ್ರಿಟನ್ನಿನಲ್ಲಿ ಅಲ್ಲಿಯ ಪ್ರಕಾಶಕರ ಸಂಘದ ಆಶ್ರಯದಲ್ಲಿ 1900ರಿಂದ ನೆಟ್ ಬುಕ್ ಅಗ್ರಿಮೆಂಟ್ ಎಂಬ ವ್ಯವಸ್ಥೆಯಿತ್ತು. ಪ್ರಕಾಶಕರು ಇಟ್ಟ ಬೆಲೆಗಿಂತ ಕಡಿಮೆಗೆ ಅಂಗಡಿಯವರು ಮಾರುವಂತಿರಲಿಲ್ಲ. 1990ರ ದಶಕದಲ್ಲಿ ದೊಡ್ಡ ಪ್ರಕಾಶಕರು ಅದರಿಂದ ಹೊರಬಂದರು, 1997ರಲ್ಲಿ ನ್ಯಾಯಾಲಯ ಅದನ್ನು ಅಮಾನ್ಯ ಮಾಡಿತು. ಜರ್ಮನಿಯಲ್ಲಿ ಇದಕ್ಕೆ ವಿರುದ್ಧವಾಗಿ 2002ರಲ್ಲಿ ಕಾನೂನನ್ನೇ ಮಾಡಿ ಪುಸ್ತಕದ ಬೆಲೆಯನ್ನು ಸ್ಥಿರಗೊಳಿಸಿದರು. ಅಲ್ಲಿ ಸಣ್ಣ ಊರಿನ ಅಂಗಡಿಯಲ್ಲೂ ದೊಡ್ಡ ಜಾಲತಾಣದಲ್ಲೂ ಹೊಸ ಪುಸ್ತಕಕ್ಕೆ ಒಂದೇ ಬೆಲೆ. ಆನ್‌ಲೈನಿನ ಭಾರಿ ರಿಯಾಯಿತಿಯ ಎದುರು ನಮ್ಮ ಊರುಗಳ ಪುಸ್ತಕದಂಗಡಿಗಳು ಮುಚ್ಚುವುದನ್ನು ನೋಡಿದ ನನಗೆ ಎರಡನೆಯ ದಾರಿಯೇ ಸರಿಯೆನಿಸುತ್ತದೆ. ಆದರೆ ಅದು ಶಾಸನಸಭೆಯಲ್ಲಿ ಆಗಬೇಕಾದ ತೀರ್ಮಾನ, ಸಂಘದ ಸಭೆಯಲ್ಲಿ ಅಲ್ಲ.

ಲೆಕ್ಕ ಹಾಕುವಾಗ ಮುದ್ರಣದ ಖರ್ಚನ್ನು ಮಾತ್ರ ನೋಡಬೇಡಿ. ಅಂಗಡಿಯವರ ಕಮಿಷನ್ನಿಗೆ ಮುಖಬೆಲೆಯ ಮೂರನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಗೌರವಪ್ರತಿಗಳು, ವಿಮರ್ಶೆಗೆ ಕಳಿಸುವ ಪ್ರತಿಗಳು, ಮೇಲಿನವರು ಹೇಳಿದ ನಾಲ್ಕು ಗ್ರಂಥಾಲಯಗಳ ಪ್ರತಿಗಳು ಮೊದಲೇ ಕಳೆಯಿರಿ. ಮೊದಲಿಗೆ ಮುನ್ನೂರು ಪ್ರತಿ ಸಾಕು. ಈಗಿನ ಡಿಜಿಟಲ್ ಮುದ್ರಣದಲ್ಲಿ ಬೇಕಾದಾಗ ಮತ್ತೆ ಮಾಡಿಸಬಹುದು, ಮನೆಯಲ್ಲಿ ಕಟ್ಟು ಕಟ್ಟಿಟ್ಟು ಗೆದ್ದಲಿಗೆ ಕೊಡಬೇಕಾಗಿಲ್ಲ.

ಅಂಚೆಯ ವಿಷಯ ಸಣ್ಣ ಪ್ರಕಾಶಕರಿಗೆ ಜೀವನಾಡಿ. ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಆರಂಭವಾದಾಗಿನಿಂದ ಚಂದಾದಾರರಿಗೆ ಪುಸ್ತಕಗಳನ್ನು ನೇರವಾಗಿ ಮುಟ್ಟಿಸುವ ಪದ್ಧತಿಯಿಂದಲೇ ಬೆಳೆದು ಬಂದಿತು. ಅಂಗಡಿಯೇ ಇಲ್ಲದ ಊರಿಗೂ ಪುಸ್ತಕ ಹೋಗುತ್ತಿದ್ದುದು ಅಗ್ಗದ ಅಂಚೆಯಿಂದ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ನೋಂದಾಯಿತ ಅಂಚೆಯಲ್ಲಿ ಪುಸ್ತಕ ಕಳಿಸುವ ರಿಯಾಯಿತಿ ಸೇವೆಯನ್ನು ನಿಲ್ಲಿಸಿದಾಗ ನಮ್ಮಂಥವರಿಗೆ ದಿಕ್ಕು ತೋಚಲಿಲ್ಲ. ಪುಸ್ತಕದ ಬೆಲೆಯ ಅರ್ಧದಷ್ಟು ರವಾನೆಗೇ ಆಗುವಂತಾಯಿತು. ದೇಶದ ಹಲವೆಡೆ ಪ್ರಕಾಶಕರೂ ಓದುಗರೂ ಪ್ರತಿಭಟಿಸಿದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಬಂದಿದೆ. 300 ಗ್ರಾಂ ವರೆಗೆ 20 ರೂಪಾಯಿ, 5 ಕಿಲೋವರೆಗೆ ಗರಿಷ್ಠ 100 ರೂಪಾಯಿ, ಮೇಲೆ ತೆರಿಗೆ. ಇನ್ನೂರು ಪುಟದ ಡೆಮಿ ಪುಸ್ತಕ ಸಾದಾ ರಟ್ಟಿನಲ್ಲಿ ಹೊದಿಕೆ ಸೇರಿ 300 ಗ್ರಾಮಿನ ಒಳಗೇ ಬರುತ್ತದೆ, ನೀವು ಕಾಗದ ಆರಿಸುವಾಗಲೇ ಇದನ್ನು ಮನಸ್ಸಿನಲ್ಲಿಡಿ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ಇರಬಾರದು ಎಂಬಂಥ ಷರತ್ತುಗಳಿವೆ. ವ್ಯಾಪಾರದ ಉದ್ದೇಶದ ರವಾನೆಗೆ ನಿರ್ಬಂಧವೂ ಇರುವುದರಿಂದ, ಮಾರಿದ ಪ್ರತಿಗಳನ್ನು ಅದರಲ್ಲಿ ಕಳಿಸುವ ಮೊದಲು ಸಾಗರದ ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಿ. ಪುಸ್ತಕ ಮಾರಿ ಬದುಕುವ ಸಣ್ಣವರಿಗೂ ಈ ದರ ನಿಸ್ಸಂದೇಹವಾಗಿ ಸಿಗುವಂತಾಗಬೇಕು. ನಮ್ಮ ಸಂಘಗಳು ಇನ್ನೂ ಗಟ್ಟಿಯಾಗಿ ಕೇಳಬೇಕಾದ ವಿಷಯ ಇದು.

ಕಳ್ಳಮುದ್ರಣದ ಬಗ್ಗೆ ನೀವು ಕೇಳಿಲ್ಲ, ಆದರೆ ಪುಸ್ತಕ ಜನಪ್ರಿಯವಾದರೆ ಬರುವ ತೊಂದರೆ ಅದು. ಪಾದಚಾರಿ ಮಾರ್ಗದಲ್ಲಿ ಅರ್ಧ ಬೆಲೆಗೆ ಸಿಗುವ ಪ್ರತಿಯನ್ನು ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ: ಕಾಗದ ತೆಳುವಾಗಿದ್ದು ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ, ಒತ್ತಕ್ಷರಗಳು ಕಲಸಿಕೊಂಡಿರುತ್ತವೆ, ಮುಖಪುಟದ ಬಣ್ಣ ಮಂಕಾಗಿರುತ್ತದೆ, ಬೆನ್ನಿನ ಅಂಟು ಎರಡು ಸಲ ಬಿಡಿಸಿದರೆ ಬಿಟ್ಟುಕೊಳ್ಳುತ್ತದೆ. ಕೃತಿಸ್ವಾಮ್ಯ ಕಾಯಿದೆಯ 63ನೆಯ ಕಲಮಿನಡಿ ಇದಕ್ಕೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಪೊಲೀಸ್ ಠಾಣೆಗೆ ಒಬ್ಬ ಲೇಖಕಿ ಒಂದು ಪ್ರತಿ ಹಿಡಿದು ಹೋದಾಗ ಸಿಗುವ ಗಮನಕ್ಕೂ ಹಲವು ಪ್ರಕಾಶಕರು ಸಂಘದ ಪತ್ರದೊಂದಿಗೆ ಹೋದಾಗ ಸಿಗುವ ಗಮನಕ್ಕೂ ಬಹಳ ಅಂತರವಿದೆ. ನಾನು ಸಂಘಕ್ಕೆ ಸೇರಿದ್ದೂ ಇದೇ ಕಾರಣಕ್ಕೆ. ಒಂದೇ ಪುಸ್ತಕ ತರುವವರಿಗೆ ಸದಸ್ಯತ್ವದ ಅಗತ್ಯವಿಲ್ಲ. ಎರಡನೆಯದು, ಮೂರನೆಯದು ತರುವ ಯೋಚನೆಯಿದ್ದರೆ, ಮೇಳದಲ್ಲಿ ಮಳಿಗೆ ಹಾಕುವ ಆಸೆಯಿದ್ದರೆ, ಆಗ ಸಂಘದ ನಿಯಮಾವಳಿ ತರಿಸಿಕೊಂಡು ಓದಿ, ಸದಸ್ಯತ್ವಕ್ಕೆ ಎಷ್ಟು ಪುಸ್ತಕ ಪ್ರಕಟಿಸಿರಬೇಕು, ವಾರ್ಷಿಕ ಚಂದಾ ಎಷ್ಟು, ಮತದಾನದ ಹಕ್ಕು ಯಾರಿಗೆ ಎಂಬುದನ್ನು ನೋಡಿ ಸೇರಿ.

ಸದ್ಯಕ್ಕೆ ಐಎಸ್‌ಬಿಎನ್ ಅರ್ಜಿಯನ್ನು ಈ ವಾರವೇ ಹಾಕಿಬಿಡಿ. ಮುಖಪುಟ ಮತ್ತು ಶೀರ್ಷಿಕೆ ಪುಟದ ಚಿತ್ರ ಕೇಳುತ್ತಾರೆ, ಆದ್ದರಿಂದ ಪುಸ್ತಕದ ಹೆಸರನ್ನೂ ಪ್ರಕಾಶನಕ್ಕೆ ನೀವಿಡುವ ಹೆಸರನ್ನೂ ಅದಕ್ಕೆ ಮೊದಲೇ ಖಚಿತಪಡಿಸಿಕೊಳ್ಳಿ. ಬೇಂದ್ರೆಯವರ ಸಾಲುಗಳಿಗೆ ಅನುಮತಿಯ ಪತ್ರ ಬರುವವರೆಗೆ ಆ ಪುಟಗಳನ್ನು ಅಚ್ಚಿಗೆ ಕಳಿಸಬೇಡಿ.